ಸವತಿಗೊಂದು ಸೈಡ್‌ಕಾರ್

ಫೆಬ್ರವರಿ 11, 1996

ಬೋಲ್ಟು,

ಒಂಬತ್ತು ವರ್ಷದ ಮೇಲೆ ಅತ್ತಿಗೆಯ ಕೈಬರಹ ನೋಡಿ, ಯಾರಿಗೋ ಏನೋ ಆಗಿಹೋಯಿತು ಅಂತ ಎದೆ ಹಿಡಿದುಕೊಳ್ಳಬೇಡ. ಇಬ್ಬರೂ ಇದ್ದೇವೆ. ಮುಂದುಗಡೆ ನಿಮ್ಮಣ್ಣನ ಗಡಿಯಾರದ ಅಂಗಡಿ, ಹಿಂದುಗಡೆ ನನ್ನ ಹೊಲಿಗೆ ಮೆಷಿನ್ನು, ನಡುವೆ ಅದೇ ಹಳೇ ಪರದೆ.

ಸುತ್ತಿಬಳಸಿ ಹೇಳುವುದು ನನಗೆ ಬಾರದು. ನನ್ನ ಸವತಿ ನಿನ್ನ ಷೆಡ್ಡಿನಲ್ಲಿದ್ದಾಳೆ. ನಾನು ಮದುವೆಯಾಗಿ ಬಂದ ದಿನ ಆ ಎರಡು ಸಿಲಿಂಡರಿನ ಹಸಿರು ಮೋಟರ್‌ಸೈಕಲ್ಲು ಮನೆ ಮುಂದೆ ನಿಂತಿತ್ತು. ನಿಮ್ಮಣ್ಣ ಅದನ್ನು ಒರೆಸುತ್ತಿದ್ದ ರೀತಿ ನೋಡಿಯೇ ಆ ಹೆಸರಿಟ್ಟೆ. ವರ್ಷಕ್ಕೊಮ್ಮೆ ಹದಿನೈದು ದಿನ ಅಂಗಡಿಗೆ ಬೀಗ ಜಡಿದು, ಅವಳ ಬೆನ್ನೇರಿ ನಾವು ತಿರುಗದ ರಸ್ತೆಯಿಲ್ಲ. ಆಮೇಲೆ ಒಂದು ದಿನ ನೀನು ಹೇಳದೆ ಕೇಳದೆ ಅವಳನ್ನು ತೆಗೆದುಕೊಂಡು ಹೋಗಿ ಸೇತುವೆಯ ಕಟ್ಟೆಗೆ ಗುದ್ದಿದೆ. "ನಾನೇ ಸರಿಮಾಡಿ ತಂದುಕೊಡ್ತೀನಿ" ಅಂತ ಲಾರಿಗೆ ಹಾಕಿಕೊಂಡು ಹೋದವನು ಗಾಡಿಯನ್ನೂ ತರಲಿಲ್ಲ, ಮುಖವನ್ನೂ ತೋರಿಸಲಿಲ್ಲ.

ಈಗ ಅವಳು ಬೇಕು. ಸರಿಮಾಡು. ಜೊತೆಗೆ ಎಡಗಡೆ ಒಂದು ಸೈಡ್‌ಕಾರ್ ಕಟ್ಟಿಕೊಡು. ಎರಡೇ ಗಾಲಿಯ ಮೇಲೆ ಇನ್ನು ನಮ್ಮಿಂದಾಗದು. ಆಗುವುದಿಲ್ಲ ಅಂತಾದರೆ ಈಗಲೇ ಹೇಳಿಬಿಡು.

ಅತ್ತಿಗೆ


ಫೆಬ್ರವರಿ 24

ಅತ್ತಿಗೆ,

ಈ ಊರಿನಲ್ಲಿ ನಾನು ಎಲ್ಲರಿಗೂ 'ಮೇಸ್ತ್ರಿ'. ಬೋಲ್ಟು ಅನ್ನುವವರು ನೀವಿಬ್ಬರೇ. ನಾಲ್ಕು ವರ್ಷದವನಿದ್ದಾಗ ನುಂಗಿದ ಬೋಲ್ಟು ಮೂರನೇ ದಿನ ಹೊರಗೆ ಬಂತು, ಹೆಸರು ಮಾತ್ರ ಒಳಗೇ ಉಳಿಯಿತು. ಲಕೋಟೆಯ ಮೇಲೆ ಅದನ್ನೇ ಬರೆದಿದ್ದೀರಿ. ಅಂಚೆಯವನು ಬಾಗಿಲಲ್ಲಿ ನಿಂತು ಹಲ್ಲು ಕಿಸಿದ.

ಗಾಡಿಯನ್ನು ಮಾರಿಲ್ಲ, ಒಂದು ನಟ್ಟನ್ನೂ ಇನ್ನೊಂದಕ್ಕೆ ಬಳಸಿಲ್ಲ. ಮೂಲೆಯಲ್ಲಿ ಟಾರ್ಪಾಲು ಹೊದಿಸಿ ಇಟ್ಟಿದ್ದೆ. ಊರಿನವರ ಗಾಡಿಗಳನ್ನೆಲ್ಲ ರಿಪೇರಿ ಮಾಡಿದೆ, ಅದೊಂದರ ಹತ್ತಿರ ಹೋಗಲಾಗಲಿಲ್ಲ. ಅವತ್ತು ಮುರಿದ ಗಾಡಿಯನ್ನು ಅಣ್ಣ ಒಂದು ಸುತ್ತು ಸುತ್ತಿ ಬಂದು, "ಕಣ್ಣು ಎಲ್ಲಿಟ್ಟಿದ್ದೆಯೋ?" ಅಂತ ಅಷ್ಟೇ ಕೇಳಿ ಒಳಗೆ ಹೋದ. ಎರಡು ಏಟು ಹಾಕಿದ್ದರೆ ಮಾರನೆಯ ದಿನವೇ ಮರೆಯುತ್ತಿದ್ದೆ.

ನಿನ್ನೆ ಟಾರ್ಪಾಲು ತೆಗೆದೆ. ಎಂಜಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿದೆ, ತಿರುಗುತ್ತಿಲ್ಲ. ಸಿಲಿಂಡರಿಗೆ ಡೀಸೆಲ್ ಸುರಿದು ನೆನೆಯಲು ಬಿಟ್ಟಿದ್ದೇನೆ. ಕೆಲಸ ಮಾಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಒಂದೇ ಕೇಳಿಕೆ. ಇದು ಅಣ್ಣನಿಗೆ ಗೊತ್ತಾ? ಗೊತ್ತಿದ್ದರೆ ಅವನ ಕೈಯಲ್ಲಿ ಒಂದು ಸಾಲು ಬರೆಸಿ ಕಳಿಸಿ. ಬೈದು ಬರೆದರೂ ಆಗುತ್ತದೆ.

ಬೋಲ್ಟು


ಮಾರ್ಚ್ 6

ಬೋಲ್ಟು,

ನಿಮ್ಮಣ್ಣನಿಗೆ ಗೊತ್ತು. ಬೇಡ ಅನ್ನಲಿಲ್ಲ. ಅವರು 'ಬೇಡ' ಅನ್ನದಿದ್ದರೆ ಅದು ಎಷ್ಟು ದೊಡ್ಡ 'ಹೂಂ' ಅಂತ ನಿನಗೆ ನಾನು ಹೇಳಿಕೊಡಬೇಕೇ? ಕಾಗದ ಬರೆಯುವ ಅಭ್ಯಾಸ ಅವರಿಗೆ ಈಚೆಗೆ ತಪ್ಪಿಹೋಗಿದೆ. ಒತ್ತಾಯ ಮಾಡಬೇಡ.

ನನ್ನ ಮೊಣಕಾಲಿಗೆ ಸ್ವಲ್ಪ ಪೆಟ್ಟಾಗಿ ನಾಲ್ಕು ದಿನ ಮೆಷಿನ್ನು ತುಳಿಯಲಾಗಲಿಲ್ಲ. ಕೆಲಸ ರಾಶಿ ಬಿದ್ದು ಕಾಗದ ತಡವಾಯಿತು.

ಅತ್ತಿಗೆ


ಮಾರ್ಚ್ 29

ಅತ್ತಿಗೆ,

ಈಗ ಗೊತ್ತಾಯಿತು ಸೈಡ್‌ಕಾರ್ ಯಾಕೆ ಅಂತ. ಮೊಣಕಾಲು ಕೈಕೊಟ್ಟ ಮೇಲೆ ಹಿಂದಿನ ಸೀಟಿಗೆ ಕಾಲೆತ್ತಿ ಹಾಕುವುದು ಕಷ್ಟವೇ. ಬಾಯಿಬಿಟ್ಟು ಹೇಳಬಾರದಾ? ರಾಣಿ ಕೂತ ಹಾಗೆ ಕೂರಿಸುತ್ತೇನೆ, ನೋಡುತ್ತಿರಿ.

ಡೀಸೆಲ್ಲಿನಲ್ಲಿ ಇಪ್ಪತ್ತು ದಿನ ನೆನೆದ ಮೇಲೆ ಎರಡೂ ಪಿಸ್ಟನ್ನು ಜಾಗ ಬಿಟ್ಟವು. ಸಿಲಿಂಡರುಗಳನ್ನು ಕೊರೆಸಿ, ಒಂದು ಸೈಜು ದೊಡ್ಡ ಪಿಸ್ಟನ್ನು ತರಿಸಿದ್ದೇನೆ. ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು ಪದರ ಕಟ್ಟಿತ್ತು. ಎರಡು ಹಿಡಿ ಜಲ್ಲಿ ಹಾಕಿ ಒಂದು ಮಧ್ಯಾಹ್ನವೆಲ್ಲ ಕುಲುಕಿದೆ, ಇವತ್ತು ತೋಳು ಎತ್ತಲಾಗುತ್ತಿಲ್ಲ. ಕಟ್ಟೆಗೆ ಗುದ್ದಿ ಬಾಗಿದ ಮುಂದಿನ ಫ್ರೇಮನ್ನು ಕಾಯಿಸಿ ನೇರ ಮಾಡಿದೆ. ಆ ಕೆಲಸವನ್ನು ಬೇರೆ ಯಾರ ಕೈಗೂ ಕೊಡಲಿಲ್ಲ.

ಹ್ಯಾಂಡಲಿನ ಎಡಗಡೆ ಆ ಸಣ್ಣ ಲಿವರ್ ನೆನಪಿದೆಯಾ? ಎಂಜಿನ್ನಿನೊಳಗೆ ಕಿಡಿ ಹಾರುವ ಗಳಿಗೆಯನ್ನು ಹಿಂದೆ ಮುಂದೆ ಮಾಡುವಂಥದ್ದು. ಏರಿನಲ್ಲಿ ಹಿಂದಕ್ಕೆ, ಸಮ ರಸ್ತೆಯಲ್ಲಿ ಮುಂದಕ್ಕೆ. ಎಷ್ಟು ಅಂತ ಯಾವ ಪುಸ್ತಕದಲ್ಲೂ ಇಲ್ಲ, ಎಂಜಿನ್ನಿನ ಸದ್ದು ಕೇಳಿಯೇ ಮಾಡಬೇಕು. ಈಗಿನ ಗಾಡಿಗಳಲ್ಲಿ ಅದು ತಾನಾಗಿ ಆಗುತ್ತದೆ. ಇದಕ್ಕೂ ಹಾಗೇ ಮಾಡಿಬಿಡೋಣ ಅನ್ನಿಸಿತು. ಆದರೆ ಅಣ್ಣನ ಬೆರಳಿಗೆ ಆ ಲಿವರ್ ಇಲ್ಲದೆ ಆಗುವುದಿಲ್ಲ, ಬಿಟ್ಟಿದ್ದೇನೆ.

ಮೂರು ವಿಷಯ ಬೇಕು. ಒಂದು, ಬಣ್ಣ ಯಾವುದು ಅಂತ ಅಣ್ಣನನ್ನು ಕೇಳಿ. ಎರಡು, ಓಡಿಸುವವರ ಈಗಿನ ಅಳತೆ ಕಳಿಸಿ: ಕಾಲಿನ ಒಳಉದ್ದ, ತೋಳು, ಚಾಚಿದ ಅಂಗೈ. ಸೀಟು, ಹ್ಯಾಂಡಲ್ಲು ಅದಕ್ಕೆ ಹೊಂದಿಸಬೇಕು. ಮೂರು, ಹಿಂದಿನ ಸೀಟನ್ನು ತೆಗೆದುಹಾಕಲೇ? ಇನ್ನು ಅಲ್ಲಿ ಕೂರುವವರು ಯಾರಿದ್ದಾರೆ?

ಅಣ್ಣನ ಒಂದು ಸಾಲಿನ ವಿಷಯ ಮತ್ತೆ ಕೇಳುವುದಿಲ್ಲ. ಕೇಳಲಿಲ್ಲ ಅಂತ ಅವನಿಗೆ ಹೇಳಿ.

ಬೋಲ್ಟು


ಏಪ್ರಿಲ್ 10

ಬೋಲ್ಟು,

ಬಣ್ಣ ಯಾವುದಾದರೂ ಆದೀತಂತೆ.

ಅಳತೆ: ಕಾಲಿನ ಒಳಉದ್ದ ಇಪ್ಪತ್ತೆಂಟು ಇಂಚು. ಭುಜದಿಂದ ಮಣಿಕಟ್ಟು ಇಪ್ಪತ್ತೂವರೆ. ಚಾಚಿದ ಅಂಗೈ ಆರೂವರೆ.

ಹಿಂದಿನ ಸೀಟನ್ನು ಮಾತ್ರ ಮುಟ್ಟಬಾರದಂತೆ. "ಅದು ಅಲ್ಲೇ ಇರಲಿ ಅಂತ ಬರಿ" ಅಂದರು. "ಯಾರು ಕೂರ್ತಾರೆ ಅಲ್ಲಿ?" ಅಂದರೆ "ಬರಿ ಅಂದ್ನಲ್ಲ" ಅಂತ ಗದರಿದರು. ಅವರು ಗದರಿ ಎಷ್ಟು ತಿಂಗಳಾಗಿತ್ತೋ, ನನಗೆ ಒಳಗೊಳಗೇ ಖುಷಿಯಾಯಿತು.

ಇನ್ನೊಂದು. ಎಂಜಿನ್ನು ಶುರುವಾದ ದಿನ ಅದರ ಸದ್ದನ್ನು ಒಂದು ಕ್ಯಾಸೆಟ್ಟಿಗೆ ಹಿಡಿದು ಕಳಿಸು. ಮರೆಯಬೇಡ.

ಅತ್ತಿಗೆ


ಮೇ 19

ಅತ್ತಿಗೆ,

ಒಂದು ತಿಂಗಳು ಬರೆಯಲಿಲ್ಲ. ಮುನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಬಣ್ಣ ಯಾವುದಾದರೂ ಆದೀತು ಅಂತ ಅಣ್ಣ ಹೇಳಿದನೇ? ಹಿಂದೆ ಆ ಹಸಿರಿಗಾಗಿ ಬಣ್ಣದ ಅಂಗಡಿಯವನ ಜೊತೆ ಮೂರು ವಾರ ಜಗಳ ಕಾಯ್ದವನು ಅವನು. ಬಾಟಲಿ ಹಸಿರಲ್ಲ, ಎಲೆ ಹಸಿರಲ್ಲ, ಎರಡರ ನಡುವಿನದು ಬೇಕು ಅಂತ ಆ ಮನುಷ್ಯನನ್ನು ಅಳಿಸುವುದೊಂದು ಬಾಕಿ. ಈಗ ಯಾವುದಾದರೂ ಸರಿ ಅಂದರೆ, ಬೋಲ್ಟು ಮುಟ್ಟಿದ ಗಾಡಿ ಹೇಗಿದ್ದರೇನು ಅಂತ ತಾನೇ ಅರ್ಥ? ಕಪ್ಪು ಹೊಡೆದುಬಿಟ್ಟೆ.

ಹದಿನಾಲ್ಕನೇ ತಾರೀಖು ಹನ್ನೊಂದನೇ ಕಿಕ್ಕಿಗೆ ಶುರುವಾದಳು. ಷೆಡ್ಡಿನ ತುಂಬ ಹೊಗೆ. ಪಕ್ಕದ ಬಡಗಿ ಬೆಂಕಿ ಅಂದುಕೊಂಡು ಬಕೆಟ್ಟು ನೀರು ಹಿಡಿದು ಓಡಿಬಂದ. ನಾನು ನೆಲದಲ್ಲಿ ಕೂತು ನಗುತ್ತಿದ್ದೆ, ಅಳುತ್ತಲೂ ಇದ್ದೆ ಅಂತ ಅವನು ಆಮೇಲೆ ಹೇಳಿದ.

ಕ್ಯಾಸೆಟ್ಟು ಇದರ ಜೊತೆ ಇದೆ. ಇಷ್ಟು ದೂರ ಬಂದು ಕೇಳುವುದು ಅವನಿಂದಾಗದಿದ್ದರೆ ಇದನ್ನಾದರೂ ಕೇಳಲಿ.

ಬೋಲ್ಟು


ಜೂನ್ 2

ಬೋಲ್ಟು,

ನಿಮ್ಮಣ್ಣ ಕ್ಯಾಸೆಟ್ಟನ್ನು ಹದಿನೇಳು ಸಲ ಕೇಳಿದ್ದಾರೆ. ಬಟ್ಟೆ ಕೊಡಲು ಬಂದವರೆಲ್ಲ "ಒಳಗೇನು ಲಾರಿ ನಿಲ್ಲಿಸಿದ್ದೀರಾ?" ಅಂತ ಕೇಳುತ್ತಿದ್ದಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಬಲಗಡೆ ಟ್ಯಾಪೆಟ್ ಒಂದು ಕೂದಲು ಸಡಿಲ. ಉಳಿದಿದ್ದೆಲ್ಲ ಚೆನ್ನಾಗಿದೆ. ಕೈ ಪಳಗಿದೆ ಅವನದು."

ಅತ್ತಿಗೆ


ಜೂನ್ 20

ಅತ್ತಿಗೆ,

ಬಿಚ್ಚಿ ನೋಡಿದೆ. ಬಲಗಡೆಯದು ಸಡಿಲವೇ ಇತ್ತು, ಸರಿಯಾಗಿ ಒಂದು ಕೂದಲಿನಷ್ಟು. ಎದುರಿಗೇ ಕೂತು ಕೆಲಸ ಮಾಡುವ ನನ್ನ ಕಿವಿಗೆ ಬೀಳಲಿಲ್ಲ, ಅಲ್ಲಿ ಕೂತವನಿಗೆ ಬಿತ್ತು. 'ಕೈ ಪಳಗಿದೆ' ಅನ್ನುವ ಸಾಲನ್ನು ಕತ್ತರಿಸಿ ಸಲಕರಣೆ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಅದು ನಿಮ್ಮ ಅಕ್ಷರದಲ್ಲಿದೆ ಅನ್ನುವುದೊಂದೇ ಕೊರತೆ.

ಕೆಲಸ ಮುಗಿಯುತ್ತ ಬಂತು. ಒಂದು ವಿಷಯ ಹೇಳುತ್ತೇನೆ, ನಗಬೇಡಿ. ನೀವು ಕಳಿಸಿದ ಅಳತೆಯನ್ನು ನಾನು ಬಳಸಲಿಲ್ಲ. ಎಲ್ಲೋ ಟೇಪು ಮಡಿಚಿಕೊಂಡಿರಬೇಕು. ಆರಡಿ ಮನುಷ್ಯನಿಗೆ ಇಪ್ಪತ್ತೆಂಟು ಇಂಚಿನ ಕಾಲೇ? ಅಣ್ಣನ ಹಳೇ ಪ್ಯಾಂಟೊಂದನ್ನು ನಾನು ಕೆಳಗೆ ಮಡಿಚಿಕೊಂಡು ಕೆಲಸಕ್ಕೆ ಹಾಕುತ್ತೇನೆ, ನೀವೇ ಹೊಲಿದದ್ದು. ಅದನ್ನು ಅಳೆದೆ, ಮೂವತ್ನಾಲ್ಕು. ಅದರ ಪ್ರಕಾರ ಸೀಟು ಎತ್ತರಿಸಿದೆ, ಹ್ಯಾಂಡಲ್ಲು ದೂರ ಇಟ್ಟೆ. ಸೈಡ್‌ಕಾರನ್ನು ನಿಮಗೆ ಹೇಳಿ ಮಾಡಿಸಿದ ಹಾಗೆ ಮಾಡಿದ್ದೇನೆ: ಕಾಲಿಗೆ ಗಿಡ್ಡ ಹಲಗೆ, ಗಾಳಿಗೆ ಪುಟ್ಟ ಗಾಜು, ಹೊಲಿಗೆ ಚೀಲ ನೇತುಹಾಕಲು ಒಂದು ಕೊಕ್ಕೆ.

ಬೋಲ್ಟು


ಜೂನ್ 27

ಬೋಲ್ಟು,

ಮೂವತ್ತೊಂದು ವರ್ಷದಿಂದ ಟೇಪು ಕತ್ತಿನಲ್ಲಿದೆ. ಪೊಲೀಸರ ಸಮವಸ್ತ್ರದಿಂದ ಹಿಡಿದು ನರ್ಸುಗಳ ಕೋಟಿನವರೆಗೆ ಹೊಲಿದಿದ್ದೇನೆ, ಅಳತೆ ತಪ್ಪಿತು ಅಂತ ಒಂದು ಬಟ್ಟೆಯೂ ವಾಪಸು ಬಂದಿಲ್ಲ. ನನ್ನ ಟೇಪು ಮಡಿಚಿಕೊಂಡಿತ್ತು ಅನ್ನುವ ಧೈರ್ಯ ನಿನ್ನೊಬ್ಬನಿಗೇ ಬಂದದ್ದು. ದರ್ಜಿಯಾದವಳು ಯಾರು ತೊಡುತ್ತಾರೋ ಅವರ ಅಳತೆ ತೆಗೆಯುತ್ತಾಳೆ. ಓಡಿಸುವವರ ಅಳತೆ ಕಳಿಸಿ ಅಂತ ನೀನು ಅಂದೆ, ನಾನು ಕಳಿಸಿದೆ. ಅದು ನನ್ನದು.

ಓಡಿಸುವವಳು ನಾನು, ಬೋಲ್ಟು. ಸೈಡ್‌ಕಾರ್ ನಿಮ್ಮಣ್ಣನಿಗೆ.

ಈ ಕಾಗದ ಓದುವಾಗ ಕೂತುಕೊಂಡು ಓದು. ನಿಮ್ಮಣ್ಣನಿಗೆ ಕಣ್ಣು ಕಾಣುವುದಿಲ್ಲ. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಯಂತೆ. ಪಕ್ಕದ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ದಿನವಿಡೀ ಮಸೂರ ಸಿಕ್ಕಿಸಿಕೊಂಡು ಗುಂಡುಸೂಜಿಯ ತಲೆಯಷ್ಟು ಜಾಗವನ್ನೇ ನೋಡುವವರಿಗೆ ಪಕ್ಕದಲ್ಲಿ ಕತ್ತಲಾದದ್ದು ತಿಳಿಯಲೇ ಇಲ್ಲ. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡಾಗೆಲ್ಲ "ನೋಡ್ಕೊಂಡು ನಡೀಬಾರ್ದಾ" ಅಂತ ನಾನೂ ನಕ್ಕಿದ್ದೇನೆ. ಆ ನಗು ಈಗ ನನ್ನನ್ನು ಸುಡುತ್ತದೆ. ಡಾಕ್ಟರ ಬಳಿ ಹೋಗುವ ಹೊತ್ತಿಗೆ ತಡವಾಗಿತ್ತು. ಬಲಗಣ್ಣಿಗೆ ಕಿಟಕಿ ಎಲ್ಲಿದೆ ಅಂತ ತಿಳಿಯುವಷ್ಟು ಬೆಳಕಿದೆ, ಎಡಗಣ್ಣಿಗೆ ಅದೂ ಇಲ್ಲ. ಅಂಗಡಿ ಮುಚ್ಚಿ ಹದಿನಾಲ್ಕು ತಿಂಗಳಾಯಿತು. ಪರದೆ ಅದೇ ಇದೆ ಅಂತ ಬರೆದದ್ದು ನಿಜವೇ. ಅದರಾಚೆ ಒಬ್ಬರು ಸುಮ್ಮನೆ ಕೂತಿರುತ್ತಾರೆ ಅನ್ನುವುದನ್ನು ಬರೆಯಲಿಲ್ಲ.

ಚಳಿಗಾಲದಲ್ಲಿ ಒಂದು ದಿನ "ಏನು ಬೇಕು ನಿಮಗೆ, ಬಾಯಿಬಿಟ್ಟು ಹೇಳಿ" ಅಂತ ಅತ್ತುಬಿಟ್ಟೆ. "ಅವಳ ಸದ್ದು ಒಂದ್ಸಲ ಕೇಳ್ಬೇಕು" ಅಂದರು. ಮಾರನೆಯ ದಿನ ನಿನಗೆ ಮೊದಲ ಕಾಗದ ಬರೆದೆ, ಅದೇ ವಾರ ಬ್ರೆಡ್ಡು ಹಂಚುವವನ ಮೋಟರ್‌ಸೈಕಲ್ಲಿನಲ್ಲಿ ಓಡಿಸುವುದು ಕಲಿಯಲು ಶುರುಮಾಡಿದೆ. ಮೊಣಕಾಲಿಗೆ ಪೆಟ್ಟಾದದ್ದು ಅಲ್ಲಿ.

ಕಪ್ಪು ಹೊಡೆದ ಸಾಲೊಂದನ್ನು ಬಿಟ್ಟು ನಿನ್ನ ಕಾಗದವನ್ನೆಲ್ಲ ನಾನು ಓದಿ ಹೇಳುತ್ತೇನೆ, ಅವರು ಎರಡೆರಡು ಸಲ ಓದಿಸುತ್ತಾರೆ. ನಿನಗೆ ಮಾತ್ರ ಕಣ್ಣಿನ ವಿಷಯ ತಿಳಿಸಬಾರದು ಅಂತ ಮಾತು ತೆಗೆದುಕೊಂಡಿದ್ದಾರೆ. ಯಾಕೆ ಅಂದರೆ ಮುಖ ತಿರುಗಿಸುತ್ತಾರೆ. ಇವತ್ತು ಆ ಮಾತು ಮುರಿದೆ. ಬಣ್ಣ ಯಾವುದಾದರೂ ಸರಿ ಅಂದದ್ದು ಯಾಕೆ ಅಂತ ಈಗ ತಿಳಿಯಿತಲ್ಲ.

ಅತ್ತಿಗೆ


ಜುಲೈ 3

ಅತ್ತಿಗೆ,

ಶಟರ್ ಎಳೆದುಕೊಂಡು ಅತ್ತೆ. ಮುನಿಸಿಕೊಂಡು ಕಪ್ಪು ಬಣ್ಣ ಹೊಡೆದ ಈ ಕೈಗೆ ಏನು ಹೇಳಲಿ?

ಹೊರಡುವುದಕ್ಕೆ ಚೀಲ ತುಂಬಿದೆ, ಮತ್ತೆ ಬಿಚ್ಚಿದೆ. ನನಗೆ ಹೇಳಬೇಡ ಅಂದಿದ್ದಾನೆ ಅಂದರೆ, ನಾನು ಎದುರಿಗೆ ಬರುವುದು ಅವನಿಗೆ ಬೇಕಿಲ್ಲ. ಅವನಾಗಿ ಕರೆಯುವ ತನಕ ಬರುವುದಿಲ್ಲ. ಇದು ಹಟವಲ್ಲ, ಭಯ.

ನಿಮ್ಮ ಟೇಪಿಗೆ ಕೈಮುಗಿದು ಎಲ್ಲವನ್ನೂ ಬಿಚ್ಚುತ್ತಿದ್ದೇನೆ.

ಬೋಲ್ಟು


ಜುಲೈ 25

ಬೋಲ್ಟು,

ಲೈಸೆನ್ಸು ಸಿಕ್ಕಿತು. ಪರೀಕ್ಷೆ ಮಾಡುವವನು ನನ್ನ ವಯಸ್ಸು ನೋಡಿ, "ಅಮ್ಮ, ಮಗನನ್ನ ಕಳಿಸಬಾರದಿತ್ತಾ?" ಅಂದ. "ಮಗ ಇಲ್ಲ, ಮೈದುನ ಇದಾನೆ, ಅವನು ಕಟ್ಟೆಗೆ ಗುದ್ದುತ್ತಾನೆ" ಅಂದೆ. ಎಂಟರ ಆಕಾರದಲ್ಲಿ ಎರಡು ಸುತ್ತು ಓಡಿಸಿ ತೋರಿಸಿದೆ, ಕಾಲು ಕೆಳಗಿಡಲಿಲ್ಲ.

ನೀನು ಕಾಗದದಲ್ಲಿ ಭಯ ಅಂತ ಬರೆದಿದ್ದೀಯ. ಅದನ್ನು ಅವರಿಗೆ ಓದಿ ಹೇಳುವ ಹಾಗಿಲ್ಲ, ಬಚ್ಚಿಟ್ಟಿದ್ದೇನೆ. ಈಚೆಗೆ ಕಾಗದ ಬರಲಿಲ್ಲವಾ ಅಂತ ದಿನಾ ಕೇಳುತ್ತಾರೆ.

ಅತ್ತಿಗೆ


ಆಗಸ್ಟ್ 18

ಅತ್ತಿಗೆ,

ಗಾಡಿ ನಾಳೆ ಲಾರಿಗೆ ಹತ್ತುತ್ತದೆ. ಗುರುವಾರದ ಹೊತ್ತಿಗೆ ಬಾಗಿಲಿಗೆ ಬರುತ್ತದೆ.

ಸೀಟನ್ನು ಇಪ್ಪತ್ತೆಂಟು ಇಂಚಿಗೆ ಇಳಿಸಿದ್ದೇನೆ, ಹ್ಯಾಂಡಲ್ಲನ್ನು ನಿಮ್ಮ ಕಡೆ ಬಾಗಿಸಿದ್ದೇನೆ. ಆರೂವರೆ ಇಂಚಿನ ಕೈಗೆ ಹಿತವಾಗುವಂತೆ ಕ್ಲಚ್ಚು ಹಗುರ ಮಾಡಿದ್ದೇನೆ. ಸೈಡ್‌ಕಾರಿನ ಮೂತಿಯನ್ನು ಕತ್ತರಿಸಿ, ತಗಡು ಸೇರಿಸಿ ಒಂದಡಿ ಉದ್ದ ಹೆಚ್ಚಿಸಿದೆ, ಅಣ್ಣ ಕಾಲು ನೀಡಿಕೊಂಡು ಕೂರಬಹುದು. ನೆನಪಿಡಿ: ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕು ಹಿಡಿದರೆ ಬಲಕ್ಕೆ. ಹೆದರಬೇಡಿ, ಅದು ಅವಳ ಸ್ವಭಾವ. ಸವತಿಯ ಜೊತೆ ಬಾಳಿದ ನಿಮಗೆ ಹೊಸದೇನಲ್ಲ.

ಕಪ್ಪನ್ನು ಪೂರ್ತಿ ಕೆರೆದು ತೆಗೆದೆ. ಟ್ಯಾಂಕಿನ ಅಡಿಯಲ್ಲಿ ಹೆಬ್ಬೆರಳಿನಷ್ಟು ಹಳೇ ಹಸಿರು ಉಳಿದಿತ್ತು. ಅದನ್ನು ಹಿಡಿದುಕೊಂಡು ಬಣ್ಣದವನ ಹತ್ತಿರ ಹೋಗಿ, ಅಣ್ಣನಿಗಿಂತ ಒಂದು ವಾರ ಹೆಚ್ಚೇ ಜಗಳ ಕಾಯ್ದೆ. ಅಣ್ಣನ ತಲೆಯೊಳಗೆ ಗಾಡಿ ಹಸಿರಾಗಿಯೇ ಇರುತ್ತದೆ. ಅದು ಸುಳ್ಳಾಗಬಾರದು.

ಕಿಡಿಯ ಲಿವರನ್ನು ಹ್ಯಾಂಡಲಿನಿಂದ ಬಿಚ್ಚಿದೆ. ಉದ್ದನೆಯ ಕೇಬಲ್ಲು ಎಳೆದು, ಸೈಡ್‌ಕಾರಿನ ಬಲಗಡೆ ಅಂಚಿಗೆ, ಕೂತವರ ಕೈಗೆ ಸಿಗುವ ಹಾಗೆ ಕೂರಿಸಿದ್ದೇನೆ. ರಸ್ತೆ ನೀವು ನೋಡಿಕೊಳ್ಳಿ. ಎಂಜಿನ್ನನ್ನು ಅವನು ನೋಡಿಕೊಳ್ಳಲಿ. ಅದಕ್ಕೆ ಕಣ್ಣು ಬೇಕಿಲ್ಲ. ಅಲ್ಲಿ ಲಿವರ್ ಇದೆ ಅಂತ ಹೇಳಬೇಡಿ, ಅವನ ಕೈಗೇ ಸಿಗಲಿ.

ಹಿಂದಿನ ಸೀಟು ಅಲ್ಲೇ ಇದೆ. ಅವನು ಹೇಳಿದ ಹಾಗೆ, ಮುಟ್ಟಲಿಲ್ಲ.

ಬೋಲ್ಟು


ಸೆಪ್ಟೆಂಬರ್ 8

ಬೋಲ್ಟು,

ಅಕ್ಷರ ಅಂಕುಡೊಂಕಾಗಿದ್ದರೆ ನಗು, ಪರವಾಗಿಲ್ಲ. ನಿನ್ನ ಅತ್ತಿಗೆ ಒಂದು ರಟ್ಟಿನ ಮೇಲೆ ಅಡ್ಡಡ್ಡಕ್ಕೆ ದಪ್ಪ ದಾರ ಹೊಲಿದು, ಅದರ ಮೇಲೆ ಹಾಳೆ ಇಟ್ಟು ಕೊಟ್ಟಿದ್ದಾಳೆ. ಎಡಗೈ ಬೆರಳಿನಲ್ಲಿ ದಾರದ ಉಬ್ಬು ಹಿಡಿದುಕೊಂಡು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಇದು ಮೂರನೇ ಹಾಳೆ. ಮೊದಲಿನ ಎರಡರಲ್ಲಿ ಸಾಲಿನ ಮೇಲೆ ಸಾಲು ಬಿದ್ದಿದೆ ಅಂತ ಅವಳೇ ಹರಿದುಹಾಕಿದಳು.

ಗಾಡಿ ಬಂದ ದಿನ ಅವಳು ಕೈಹಿಡಿದು ಕೂರಿಸಿದಳು. ಕಾಲು ನೀಡಿದೆ, ಪೂರ್ತಿ ನೀಡಲು ಬಂತು. ಬಲಗೈಯನ್ನು ಅಂಚಿಗೆ ಇಟ್ಟೆ, ಲಿವರ್ ಸಿಕ್ಕಿತು. ಯಾವ ಲಿವರ್ ಅಂತ ಬೆರಳು ನನಗಿಂತ ಮೊದಲೇ ಗುರುತು ಹಿಡಿಯಿತು. ಆಗಲೇ ತಿಳಿಯಿತು, ನಿನಗೆ ಎಲ್ಲ ಗೊತ್ತಾಗಿದೆ ಅಂತ. "ನೀನು ಮಾತು ಮುರಿದೆ" ಅಂದೆ ಅವಳಿಗೆ. "ಹೂಂ, ಮುರಿದೆ. ಈಗ ಹಿಡ್ಕೊಳ್ಳಿ" ಅಂತ ಕಿಕ್ಕು ಹೊಡೆದಳು.

ಕೆರೆ ಏರಿಯ ತನಕ ಹೋಗಿ ಬಂದೆವು. ಏರಿನಲ್ಲಿ ಎಂಜಿನ್ನು ಗೊಣಗಿದ್ದು ಕೇಳಿ ಲಿವರನ್ನು ಹಿಂದಕ್ಕೆ ಎಳೆದೆ, ಗೊಣಗಾಟ ನಿಂತಿತು. ಅವಳು "ಅಯ್ಯೋ, ಈಗ ತಾನಾಗೇ ಹತ್ತುತ್ತಿದೆ" ಅಂದಳು. ತಾನಾಗಿ ಅಲ್ಲ, ನಾನು ಹತ್ತಿಸಿದ್ದು ಅಂದೆ. ಒಂದೂವರೆ ವರ್ಷದ ಮೇಲೆ ನಾನು ಮಾಡಿದ ಮೊದಲ ಕೆಲಸ ಅದು, ಬೋಲ್ಟು. ಗೇರು ಬದಲಿಸುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳಂತೆ, ತಾನೇ ಒಪ್ಪಿಕೊಂಡಳು. ಒಂದು ಗಾಡಿಗೆ ಕಾಣದವನು ಒಬ್ಬ ಸಾಕು ಅಂತ ಹೇಳಿದ್ದೇನೆ.

ನಿನ್ನಿಂದ ಯಾಕೆ ಮುಚ್ಚಿಟ್ಟೆ ಅಂತ ಹೇಳಬೇಕು. ಅವತ್ತು ನಿನ್ನ ಹಣೆಯಲ್ಲಿ ರಕ್ತ ಇತ್ತು. ಅದನ್ನು ನೋಡಿಯೂ ನೋಡದ ಹಾಗೆ, "ಕಣ್ಣು ಎಲ್ಲಿಟ್ಟಿದ್ದೆಯೋ" ಅಂತ ಗಾಡಿಯ ಪರವಾಗಿ ಕೇಳಿದೆ. ಆ ಮಾತು ಆಡಿದ ಬಾಯಲ್ಲಿ, ನನಗೆ ಕಣ್ಣು ಕಾಣಲ್ಲ ಅಂತ ಹೇಳಲು ನಾಚಿಕೆಯಾಯಿತು. ಸಿಟ್ಟು ಯಾವತ್ತೋ ಹೋಗಿತ್ತು. ನಾಚಿಕೆ ಉಳಿದಿತ್ತು. ನೀನು ಒಂದು ಸಾಲು ಕೇಳಿದಾಗಲೆಲ್ಲ ನಿನ್ನ ಅತ್ತಿಗೆ ಅಲ್ಲಿ ಓದುವುದು ನಿಲ್ಲಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ನಾನು ಕೇಳದವನ ಹಾಗೆ ಕೂತಿರುತ್ತಿದ್ದೆ. ತಪ್ಪಾಯಿತು.

ಮುಂದಿನ ತಿಂಗಳು ಒಂದರಿಂದ ಹದಿನೈದರವರೆಗೆ ಹೊಲಿಗೆ ಅಂಗಡಿಗೂ ಬೀಗ. ಸಮುದ್ರದ ಕಡೆ ಹೋಗುವ ನಮ್ಮ ಹಳೇ ದಾರಿಯಲ್ಲೇ ಹೋಗುವುದು. ನಿನ್ನ ಅತ್ತಿಗೆಯ ಕೈಗೆ ಪಂಕ್ಚರ್ ಹಾಕಲು ಬಾರದು, ನನಗೆ ತೂತು ಕಾಣದು.

ಆ ಹಿಂದಿನ ಸೀಟು ಯಾರಿಗೆ ಅಂತ ಕೇಳಿದ್ದೆಯಲ್ಲ. ಏಪ್ರಿಲ್‌ನಲ್ಲೇ ಹೇಳಬೇಕಿತ್ತು. ಅದು ನಿನಗೆ. ಬಾ.

ಅಣ್ಣ